ರೇಂಜರ್ಸ್‌ಗೆ ಹತ್ತಕ್ಕೆ ಎಷ್ಟು ಎಂದು ಕೇಳುವವರಿಗೆ

ಡಿಸೆಂಬರ್ ಬಂತೆಂದರೆ ಡಲ್ಲಾಸ್ ಸುತ್ತಮುತ್ತಲಿನ ಕನ್ನಡಿಗರ ಮನೆಗಳಲ್ಲಿ, ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿರುವಾಗಲೂ, ಒಂದೇ ಪ್ರಶ್ನೆ ನನ್ನನ್ನು ಹುಡುಕಿಕೊಂಡು ಬರುತ್ತದೆ: "ಈ ಸಲ ನಿಮ್ಮ ರೇಂಜರ್ಸ್ ಯಾರನ್ನ ತಗೊಂಡ್ರು? ಹತ್ತಕ್ಕೆ ಎಷ್ಟು ಕೊಡ್ತೀರಿ?" ರೇಂಜರ್ಸ್ ಎಂದರೆ ಇಲ್ಲಿನ ಬೇಸ್‌ಬಾಲ್ ತಂಡ, ಟೆಕ್ಸಸ್ ರೇಂಜರ್ಸ್. ನಮ್ಮ ಬಳಗದಲ್ಲಿ ಬೇಸ್‌ಬಾಲನ್ನು ಮನಸ್ಸಿಟ್ಟು ನೋಡುವವನು ನಾನೊಬ್ಬನೇ ಎಂಬ ಹೆಸರು ಬಂದುಬಿಟ್ಟಿರುವುದರಿಂದ ಇಷ್ಟು ವರ್ಷ ಮರ್ಯಾದೆಯಿಂದಲೇ ಉತ್ತರಿಸಿದ್ದೇನೆ. ಇನ್ನು ಆಗುವುದಿಲ್ಲ. ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ. ಓದುವ ತಾಳ್ಮೆಯಿಲ್ಲದವರು ಕೇಳುವ ಉತ್ಸಾಹವನ್ನೂ ತೋರಿಸಬೇಕಾಗಿಲ್ಲ.

ಕೇಳುವವರ ತಲೆಯಲ್ಲಿ ಇರುವುದು ಐಪಿಎಲ್ ಹರಾಜು. ಅಲ್ಲಿ ಎಲ್ಲ ತಂಡಗಳಿಗೂ ಒಂದೇ ಮೊತ್ತದ ಥೈಲಿ, ಕೂಗಿದ ಬೆಲೆಯೇ ಒಂದು ಹಂಗಾಮಿನ ಸಂಬಳ, ಕೆಲವು ವರ್ಷಗಳಿಗೊಮ್ಮೆ ದೊಡ್ಡ ಹರಾಜು ನಡೆದು ತಂಡಗಳೇ ಬಹುಪಾಲು ಕಲಸಿಹೋಗುತ್ತವೆ. ಹೀಗಾಗಿ ಹರಾಜಿನ ಸಂಜೆಯೇ ಮಾರ್ಕು ಹಾಕುವ ಚಾಳಿಗೆ ಅಲ್ಲಿ ಸ್ವಲ್ಪವಾದರೂ ಅರ್ಥವಿದೆ. ಮೇಜರ್ ಲೀಗ್ ಬೇಸ್‌ಬಾಲಿನಲ್ಲಿ ಹರಾಜೆಂಬುದೇ ಇಲ್ಲ. ಆರು ವರ್ಷಗಳ ಸೇವೆ ಮುಗಿಸಿ ಒಪ್ಪಂದದಿಂದ ಬಿಡುಗಡೆಯಾದ ಆಟಗಾರ ಫ್ರೀ ಏಜೆಂಟ್ ಆಗಿ ತನಗೆ ಬೇಕಾದ ತಂಡವನ್ನು ತಾನೇ ಆರಿಸಿಕೊಳ್ಳುತ್ತಾನೆ, ತಂಡ ಖರ್ಚು ಮಾಡಬಹುದಾದ ಹಣಕ್ಕೆ ಗಟ್ಟಿಯಾದ ಮಿತಿಯಿಲ್ಲ, ಒಂದು ಗೆರೆ ದಾಟಿದರೆ ತೆರಿಗೆ ಕಟ್ಟಬೇಕು, ಅಷ್ಟೆ (2023ರಲ್ಲಿ ಆ ಗೆರೆ 23.3 ಕೋಟಿ ಡಾಲರ್ ಇತ್ತು). ಒಪ್ಪಂದ ಹತ್ತು ವರ್ಷದ್ದೂ ಆಗಬಹುದು, ಆಟಗಾರ ಗಾಯಗೊಂಡು ಮನೆಯಲ್ಲಿ ಕೂತರೂ ದುಡ್ಡು ಕೊಟ್ಟೇ ತೀರಬೇಕು. ರೇಂಜರ್ಸ್‌ನ ಆಟಗಾರ ಕೋರಿ ಸೀಗರ್ ಅವರಿಗೆ 32.5 ಕೋಟಿ ಡಾಲರ್ ಎಂದು ಕೇಳಿ ಎದೆ ಹಿಡಿದುಕೊಂಡವರಿಗೆ, ಅದು ಹತ್ತು ವರ್ಷಗಳ ಮೊತ್ತ ಎಂದು ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

ಆ ಒಪ್ಪಂದ ನಡೆದದ್ದು 2021ರ ಚಳಿಗಾಲದಲ್ಲಿ. ರೇಂಜರ್ಸ್ ಆ ವರ್ಷ 102 ಪಂದ್ಯ ಸೋತಿತ್ತು. ಮಾಲೀಕರು ಮತ್ತು ಆಟಗಾರರ ಸಂಘದ ನಡುವಿನ ಜಗಳದಿಂದ ಲೀಗಿಗೆ ಬೀಗ ಬೀಳುವ ಮುನ್ನ, ಸೀಗರ್ ಜೊತೆಗೆ ಮಾರ್ಕಸ್ ಸೆಮಿಯನ್ ಅವರಿಗೆ ಏಳು ವರ್ಷಕ್ಕೆ 17.5 ಕೋಟಿ, ಚೆಂಡೆಸೆಯುವ ಪಿಚರ್ ಜಾನ್ ಗ್ರೇ ಅವರಿಗೆ ನಾಲ್ಕು ವರ್ಷಕ್ಕೆ 5.6 ಕೋಟಿ ಎಂದು ತಂಡ ಒಟ್ಟು 50 ಕೋಟಿ ಡಾಲರಿಗೂ ಮಿಕ್ಕಿ ಮಾತು ಕೊಟ್ಟಿತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ನಮ್ಮವರು ನಕ್ಕರು, ಮರುವರ್ಷ ತಂಡ 94 ಪಂದ್ಯ ಸೋತಾಗ ಇನ್ನೂ ಜೋರಾಗಿ ನಕ್ಕರು. 2023ರ ನವೆಂಬರ್ 1ರ ರಾತ್ರಿ ಅದೇ ಸೀಗರ್, ಲೀಗಿನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್‌ನ ಅತ್ಯುತ್ತಮ ಆಟಗಾರ ಎನಿಸಿಕೊಂಡಾಗ ಯಾರೂ ತಮ್ಮ ನಗುವನ್ನು ವಾಪಸು ಪಡೆಯಲಿಲ್ಲ.

ಆದರೆ ನನ್ನ ತಾಳ್ಮೆ ಕೆಟ್ಟದ್ದು ಸೀಗರ್, ಸೆಮಿಯನ್ ಅವರ ವಿಷಯದಲ್ಲಿ ಅಲ್ಲ, 2022ರ ಡಿಸೆಂಬರಿನಲ್ಲಿ. ಜೇಕಬ್ ಡಿಗ್ರಾಮ್ ಐದು ವರ್ಷಕ್ಕೆ 18.5 ಕೋಟಿ ಡಾಲರಿಗೆ ರೇಂಜರ್ಸ್ ಸೇರಿದ ಸುದ್ದಿ ಆಗಷ್ಟೇ ಬಂದಿತ್ತು; ಫ್ರಿಸ್ಕೊದ ಸ್ನೇಹಿತರೊಬ್ಬರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಮಂಗಳಾರತಿ ಮುಗಿದು ಅಂಗೈಯಲ್ಲಿ ಸಪಾದ ಭಕ್ಷ್ಯ ಇಟ್ಟುಕೊಂಡು ನಿಂತಿದ್ದೆ. ಮನೆಯವರ ಭಾವಮೈದುನ ಹತ್ತಿರ ಬಂದು, "ಸಾರ್, ಡಿಗ್ರಾಮ್ ಬಂದ್ರಲ್ಲ, ಹತ್ತಕ್ಕೆ ಎಷ್ಟು?" ಎಂದರು. ನಾನು ಶ್ರದ್ಧೆಯಿಂದ ಶುರು ಮಾಡಿದೆ: ಡಿಗ್ರಾಮ್ ಕೈ ಸರಿಯಿದ್ದಾಗ ಅವರಷ್ಟು ಒಳ್ಳೆಯ ಪಿಚರ್ ಭೂಮಿಯ ಮೇಲಿಲ್ಲ, ಆದರೆ ಪಂದ್ಯ ಆರಂಭಿಸುವ ಪಿಚರ್ ಒಬ್ಬ ಆರೋಗ್ಯವಾಗಿದ್ದರೆ ವರ್ಷಕ್ಕೆ 30ಕ್ಕೂ ಹೆಚ್ಚು ಸಲ ಆಡುತ್ತಾನೆ, ಇವರು 2021ರಲ್ಲಿ 15 ಸಲ, 2022ರಲ್ಲಿ 11 ಸಲ ಮಾತ್ರ ಆಡಿದ್ದಾರೆ, ವಯಸ್ಸು 34 ದಾಟಿದೆ, ಆದ್ದರಿಂದ ಅವರ ಹಿಂದೆ ಯಾರಿದ್ದಾರೆ ಎಂಬುದನ್ನು ನೋಡಬೇಕು… "ಅದೆಲ್ಲ ಬಿಡಿ ಸಾರ್, ನಂಬರ್ ಹೇಳಿ." ಅಂಗೈಯಲ್ಲಿದ್ದ ತುಪ್ಪ ಮಣಿಕಟ್ಟಿಗೆ ಇಳಿಯುತ್ತಿತ್ತು. "ಆರು" ಎಂದು ಹೇಳಿ ಕೈ ತೊಳೆಯಲು ಹೋದೆ.

ಮುಂದಿನ ಜೂನಿನಲ್ಲಿ ಡಿಗ್ರಾಮ್ ಅವರ ಮೊಣಕೈಗೆ ಶಸ್ತ್ರಚಿಕಿತ್ಸೆ ಆಯಿತು. ಆ ವರ್ಷ ಅವರು ಆರಂಭಿಸಿದ ಪಂದ್ಯಗಳು ಆರೇ ಆರು. ಭಾವಮೈದುನರ ಫೋನು ಬಂತು: "ಆರು ಜಾಸ್ತಿ ಆಯ್ತಲ್ಲ ಸಾರ್." ನವೆಂಬರಿನಲ್ಲಿ ತಂಡ ತನ್ನ ಇತಿಹಾಸದ ಮೊಟ್ಟಮೊದಲ ವರ್ಲ್ಡ್ ಸೀರೀಸ್ ಗೆದ್ದಾಗ ಮತ್ತೆ ಬಂತು: "ಆರು ಬಹಳ ಕಮ್ಮಿ ಕೊಟ್ರಿ ಸಾರ್." 2025ರಲ್ಲಿ, 37ನೇ ವಯಸ್ಸಿನಲ್ಲಿ, ಡಿಗ್ರಾಮ್ 30 ಪಂದ್ಯ ಆರಂಭಿಸಿ 12 ಗೆಲುವು ತಮ್ಮ ಹೆಸರಿಗೆ ಬರೆಸಿಕೊಂಡಾಗ ಧ್ವನಿ ಸಂದೇಶ: "ಈಗ ಎಷ್ಟು?" ಒಪ್ಪಂದ ಅದೇ, ಕೆಳಗಿನ ಸಹಿ ಅದೇ. ನಾಲ್ಕು ವರ್ಷದಲ್ಲಿ ನಾಲ್ಕು ಮಾರ್ಕು ಬಯಸುವವರಿಗೆ ನಾನು ಯಾವ ಉತ್ತರಪತ್ರಿಕೆಯನ್ನು ತಿದ್ದಲಿ?

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಈ ಚಟ ನಮ್ಮವರದ್ದು ಮಾತ್ರವಲ್ಲ, ಅಮೆರಿಕದ ಪತ್ರಿಕೆಗಳದ್ದೂ ಹೌದು. ಮಯಾಮಿಯ ಮಾರ್ಲಿನ್ಸ್ ತಂಡ 2012ಕ್ಕೆ ಹೊಸ ಕ್ರೀಡಾಂಗಣ ತೆರೆಯುವ ಸಂಭ್ರಮದಲ್ಲಿ ಹೊಸೆ ರೇಯೆಸ್, ಮಾರ್ಕ್ ಬರ್ಲಿ, ಹೀತ್ ಬೆಲ್ ಅವರನ್ನು ದುಬಾರಿ ಬೆಲೆಗೆ ತಂದು ಚಳಿಗಾಲದಲ್ಲಿ ಚಪ್ಪಾಳೆ ಗಿಟ್ಟಿಸಿತು, ಬೇಸಿಗೆಯಲ್ಲಿ 93 ಪಂದ್ಯ ಸೋತಿತು. ಆ ನವೆಂಬರಿನಲ್ಲೇ ರೇಯೆಸ್ ಮತ್ತು ಬರ್ಲಿ ಇಬ್ಬರನ್ನೂ ಟೊರಾಂಟೊಗೆ ದಾಟಿಸಿತು. ಈ ಸಲ ಚಪ್ಪಾಳೆ ಟೊರಾಂಟೊಗೆ. 2013ರಲ್ಲಿ ಆ ತಂಡ ತನ್ನ ವಿಭಾಗದ ಕೊನೆಯ ಸ್ಥಾನದಲ್ಲಿ ನಿಂತಿತು. ಅದೇ ಇಬ್ಬರನ್ನು ಕೊಂಡು ಎರಡು ತಂಡಗಳು ಎರಡು ಚಳಿಗಾಲ ಗೆದ್ದು ಎರಡು ಬೇಸಿಗೆ ಸೋತವು. ಸ್ಯಾನ್ ಡಿಯಾಗೊ 2015ಕ್ಕೆ ಮುನ್ನ ಮ್ಯಾಟ್ ಕೆಂಪ್, ಜಸ್ಟಿನ್ ಅಪ್ಟನ್, ಜೇಮ್ಸ್ ಶೀಲ್ಡ್ಸ್ ಮುಂತಾದವರನ್ನು ಗುಡ್ಡೆ ಹಾಕಿಕೊಂಡದ್ದೂ ಇದೇ ಕಥೆ, ಹಿಂದಿನ ವರ್ಷಕ್ಕಿಂತ ಮೂರು ಗೆಲುವು ಕಡಿಮೆಯೇ ಆಯಿತು.

ಹಾಗಾದರೆ ಡಿಗ್ರಾಮ್ ಇಲ್ಲದೆ ರೇಂಜರ್ಸ್ ಗೆದ್ದದ್ದು ಹೇಗೆ ಎಂದು ಇದುವರೆಗೆ ಒಬ್ಬರೂ ನನ್ನನ್ನು ಕೇಳಿಲ್ಲ. ನಾನು ಕಾಯುತ್ತಿರುವುದು ಆ ಪ್ರಶ್ನೆಗೆ. "ಯಾರನ್ನ ತಗೊಂಡ್ರು" ಎನ್ನುವ ಬದಲು "ಅವರು ಬಿದ್ದರೆ ಆ ಜಾಗಕ್ಕೆ ಯಾರು" ಎಂದು ಕೇಳಿ ನೋಡಿ, ಊಟ ಆರಿಹೋದರೂ ನಾನು ಕದಲುವುದಿಲ್ಲ.

ಆ ಜಾಗಕ್ಕೆ ಬಂದವರು ಡೇನ್ ಡನಿಂಗ್. 2020ರ ಡಿಸೆಂಬರಿನಲ್ಲಿ ಲ್ಯಾನ್ಸ್ ಲಿನ್ ಅವರನ್ನು ಶಿಕಾಗೊಗೆ ಕೊಟ್ಟು ಬದಲಿಗೆ ಪಡೆದ ಪಿಚರ್. 2023ರ ಆರಂಭದಲ್ಲಿ ಅವರಿಗೆ ಪಂದ್ಯ ಆರಂಭಿಸುವ ಐವರಲ್ಲಿ ಸ್ಥಾನವೇ ಇರಲಿಲ್ಲ, ಪಂದ್ಯದ ನಡುವೆ ಇಳಿಯುವ ಪಿಚರ್‌ಗಳು ಕಾಯುವ ಬುಲ್‌ಪೆನ್ನಿನಲ್ಲಿ ಕೂತಿದ್ದರು. ಸ್ಥಾನ ಯಾಕಿರಲಿಲ್ಲ ಎಂಬುದರಲ್ಲೇ ಆ ಚಳಿಗಾಲದ ಜಾಣತನವಿದೆ. ತಂಡ ಕಟ್ಟುವ ಹೊಣೆ ಹೊತ್ತಿದ್ದ, ತಾವೂ ಪಿಚರ್ ಆಗಿದ್ದ ಕ್ರಿಸ್ ಯಂಗ್ ಡಿಗ್ರಾಮ್ ಒಬ್ಬರನ್ನು ತಂದು ಕೈಕಟ್ಟಿ ಕೂರಲಿಲ್ಲ. ನೇಥನ್ ಇಯೊವಾಲ್ಡಿ ಅವರನ್ನು ಎರಡು ವರ್ಷಕ್ಕೆ 3.4 ಕೋಟಿಗೆ ತಂದರು, ಆ್ಯಂಡ್ರೂ ಹೀನಿ ಅವರನ್ನು ತಂದರು, ಮಾರ್ಟಿನ್ ಪೆರೆಸ್ ಹೊರಹೋಗದಂತೆ ಒಂದು ವರ್ಷಕ್ಕೆ ಉಳಿಸಿಕೊಂಡರು, ಗ್ರೇ ಮೊದಲೇ ಇದ್ದರು. ಇವರೆಲ್ಲರ ಮೇಲೆ ಇರಲಿ ಎಂದು ತಂದ ಜೇಕ್ ಒಡೊರಿಜ್ಜಿ ಭುಜದ ನೋವಿನಿಂದ ವರ್ಷವಿಡೀ ಆಡಲಿಲ್ಲ, ಅಂದರೆ ಬದಲಿಗೆಂದು ತಂದವರಿಗೂ ಬದಲಿ ಬೇಕಾಯಿತು. ಡನಿಂಗ್ 12 ಪಂದ್ಯ ಗೆದ್ದರು. ಇಯೊವಾಲ್ಡಿ ಅಕ್ಟೋಬರ್ ಹೊತ್ತಿನ ನಾಕೌಟ್ ಪಂದ್ಯಗಳಲ್ಲಿ ಐದು ಗೆದ್ದು ಒಂದನ್ನೂ ಸೋಲಲಿಲ್ಲ. ಅವರು ಸೇರಿದ ದಿನ ನನ್ನನ್ನು ಯಾರೂ ಹತ್ತಕ್ಕೆ ಎಷ್ಟು ಎಂದು ಕೇಳಿರಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸುತ್ತೇನೆ.

ಜುಲೈ ಕೊನೆಯಲ್ಲಿ ಮ್ಯಾಕ್ಸ್ ಶರ್ಜರ್ ಮತ್ತು ಜೋರ್ಡನ್ ಮಾಂಟ್ಗೊಮರಿ ಬಂದರಲ್ಲ, ಅದರ ಶ್ರೇಯ ಚಳಿಗಾಲಕ್ಕೆ ಹೇಗೆ ಎಂದು ವಾದಿಸುವವರಿದ್ದಾರೆ. ಅವರಿಬ್ಬರಿಗೂ ಬೆಲೆಯಾಗಿ ಕೊಟ್ಟದ್ದು ಬಹುಮಟ್ಟಿಗೆ ಇನ್ನೂ ಮೇಲಿನ ಲೀಗಿಗೆ ಬಾರದ ಎಳೆಯ ಆಟಗಾರರನ್ನು. ಸೀಗರ್, ಸೆಮಿಯನ್, ಇಯೊವಾಲ್ಡಿ ಎಲ್ಲರನ್ನೂ ದುಡ್ಡು ಕೊಟ್ಟು ತಂದಿದ್ದರಿಂದಲೇ ಆ ಹುಡುಗರು ಜುಲೈವರೆಗೆ ಕೈಯಲ್ಲಿ ಉಳಿದಿದ್ದರು. ಮಾರ್ಕು ಹಾಕುವವರ ಕಣ್ಣಿಗೆ ಬೀಳದ ಲೆಕ್ಕ ಇದು.

ವರ್ಲ್ಡ್ ಸೀರೀಸ್‌ನ ಮೂರನೆಯ ಪಂದ್ಯವನ್ನೇ ತೆಗೆದುಕೊಳ್ಳಿ. ಅರಿಜೋನಾದಲ್ಲಿ ಆ ರಾತ್ರಿ ಶರ್ಜರ್ ಬೆನ್ನು ಹಿಡಿದುಕೊಂಡು ಮೂರು ಇನ್ನಿಂಗ್ಸ್‌ಗೇ ಹೊರನಡೆದರು. ಜಾನ್ ಗ್ರೇ ಬಂದು ಮೂರು ಇನ್ನಿಂಗ್ಸ್ ಒಂದೂ ರನ್ ಕೊಡದೆ ಎಸೆದರು. ಅದೇ ಪಂದ್ಯದಲ್ಲಿ ಅಡೋಲಿಸ್ ಗಾರ್ಸಿಯಾ ಬ್ಯಾಟ್ ಬೀಸಿದ ರಭಸಕ್ಕೆ ಪಕ್ಕೆ ಹಿಡಿದು ಸರಣಿಯಿಂದಲೇ ಹೊರಬಿದ್ದರು. ಮರುದಿನ ರೈಟ್ ಫೀಲ್ಡಿಗೆ ಇಳಿದವರು ಟ್ರ್ಯಾವಿಸ್ ಜಾಂಕೋವ್ಸ್ಕಿ. ತಂಡದಲ್ಲಿ ಜಾಗ ಸಿಗುತ್ತದೆಂಬ ಭರವಸೆಯೂ ಇಲ್ಲದ ಮೈನರ್ ಲೀಗ್ ಒಪ್ಪಂದದ ಮೇಲೆ ಆ ಜನವರಿಯಲ್ಲಿ ಬಂದಿದ್ದವರು, ಆ ದಿನ ಎರಡು ರನ್ ತಂದ ಡಬಲ್ ಹೊಡೆದರು, ತಂಡ 11-7ರಲ್ಲಿ ಗೆದ್ದಿತು.

ಗಾರ್ಸಿಯಾ ಅವರ ವಿಷಯದಲ್ಲಿ ಮಾತ್ರ ಆಡಳಿತವನ್ನು ಹೊಗಳಲು ನನಗೆ ನಾಲಗೆ ಏಳುವುದಿಲ್ಲ. ಕ್ಯೂಬಾದ ಈ ಆಟಗಾರನನ್ನು 2019ರ ಡಿಸೆಂಬರಿನಲ್ಲಿ ಸೇಂಟ್ ಲೂಯಿಯಿಂದ ಬರೀ ನಗದು ಕೊಟ್ಟು ತಂದ ರೇಂಜರ್ಸ್, 2021ರ ಫೆಬ್ರವರಿಯಲ್ಲಿ ತನ್ನ 40 ಜನರ ಪಟ್ಟಿಯಿಂದ ಹೊರಹಾಕಿತು. ಉಳಿದ 29 ತಂಡಗಳಲ್ಲಿ ಯಾವುದು ಬೇಕಾದರೂ ಎತ್ತಿಕೊಳ್ಳಬಹುದಿತ್ತು, ಒಂದೂ ಕೈ ಚಾಚಲಿಲ್ಲ. ಅದೇ ವರ್ಷ ಅವರು 31 ಹೋಮ್ ರನ್ ಹೊಡೆದರು, 2023ರಲ್ಲಿ 39, ಹ್ಯೂಸ್ಟನ್ ವಿರುದ್ಧದ ಒಂದೇ ಸರಣಿಯಲ್ಲಿ 15 ರನ್ ತಂದರು. ಅವರನ್ನು ಹೊರಹಾಕಿದ ದಿನ "ಯಾರನ್ನ ತಗೊಂಡ್ರು" ಎಂದು ನೀವು ಕೇಳಿದ್ದರೆ ನನ್ನ ಉತ್ತರ ಮೈಕ್ ಫೋಲ್ಟಿನೆವಿಚ್ ಎಂದಿರುತ್ತಿತ್ತು, ಏಕೆಂದರೆ ಗಾರ್ಸಿಯಾ ಅವರ ಜಾಗ ತೆರವು ಮಾಡಿದ್ದೇ ಆ ಪಿಚರ್‌ಗಾಗಿ. ಫೋಲ್ಟಿನೆವಿಚ್ ಆ ವರ್ಷ ಎರಡು ಪಂದ್ಯ ಗೆದ್ದು 12 ಸೋತರು. ಇದು ಯಾರ ಬುದ್ಧಿವಂತಿಕೆಯೂ ಅಲ್ಲ, ಅದೃಷ್ಟ. ಅದೃಷ್ಟಕ್ಕೆ ಮಾರ್ಕು ಕೊಡುವ ಪದ್ಧತಿ ನನ್ನಲ್ಲಿಲ್ಲ.

2025ರ ನವೆಂಬರಿನಲ್ಲಿ ರೇಂಜರ್ಸ್ ಗಾರ್ಸಿಯಾ ಅವರ ಒಪ್ಪಂದವನ್ನು ಮುಂದುವರಿಸದೆ ಬಿಟ್ಟುಕೊಟ್ಟಿತು, ಕ್ಯಾಚರ್ ಜೋನಾ ಹೈಮ್ ಅವರನ್ನೂ ಬಿಟ್ಟಿತು, ಸೆಮಿಯನ್ ಅವರನ್ನು ನ್ಯೂಯಾರ್ಕ್ ಮೆಟ್ಸ್‌ಗೆ ಕೊಟ್ಟು ಬ್ರ್ಯಾಂಡನ್ ನಿಮ್ಮೊ ಅವರನ್ನು ಪಡೆಯಿತು. ಕಪ್ ಗೆದ್ದವರನ್ನೇ ಕಳಿಸಿಬಿಟ್ಟರಲ್ಲ ಎಂಬ ಗೋಳಾಟ ಗುಂಪಿನಲ್ಲಿ ಆಗಲೇ ಶುರುವಾಯಿತು. ಗಾರ್ಸಿಯಾ ಅವರ ಬ್ಯಾಟು ಎರಡು ವರ್ಷದಿಂದ ತಣ್ಣಗಾಗಿತ್ತು, ಅದರಲ್ಲಿ ನನಗೆ ತಕರಾರಿಲ್ಲ. ಸೆಮಿಯನ್‌ಗೆ 35 ವರ್ಷ, ನಿಮ್ಮೊಗೆ 32. ಆದರೆ ಸೆಮಿಯನ್ ಒಪ್ಪಂದದಲ್ಲಿ ಉಳಿದಿದ್ದದ್ದು ಮೂರು ವರ್ಷ, ನಿಮ್ಮೊ ಅವರದ್ದರಲ್ಲಿ ಐದು. ವಯಸ್ಸನ್ನು ಇಳಿಸಿಕೊಂಡು ಸಾಲವನ್ನು ಬೆಳೆಸಿಕೊಂಡ ವ್ಯವಹಾರ ಇದು, ಬ್ಯಾಟಿಂಗ್ ಸೊರಗಿದ್ದ ತಂಡಕ್ಕೆ ಬೇಕಾಗಿತ್ತು ಎಂದೇ ನನ್ನ ಎಣಿಕೆ.

ನನ್ನ ಚಿಂತೆ ಬೇರೆಯದು. 2023ರಲ್ಲಿ ಸೆಮಿಯನ್ 162 ಪಂದ್ಯಗಳಲ್ಲಿ ಒಂದನ್ನೂ ತಪ್ಪಿಸಿರಲಿಲ್ಲ, ಮೈದಾನದಲ್ಲಿ ಅವರು ಕಾಯುವ ಸೆಕೆಂಡ್ ಬೇಸಿಗೆ ಬದಲಿ ಯಾರೆಂದು ಯೋಚಿಸುವ ಪ್ರಮೇಯವೇ ಬರಲಿಲ್ಲ. ಅವರು ಹೋದಾಗ ಆ ಜಾಗಕ್ಕೆ ಮೊದಲು ಕೇಳಿಬಂದದ್ದು ಜಾಶ್ ಸ್ಮಿತ್ ಹೆಸರು. ಈ ಸ್ಮಿತ್, ಸೀಗರ್ ಗಾಯಗೊಂಡಾಗ ಅವರ ಜಾಗವಾದ ಶಾರ್ಟ್‌ಸ್ಟಾಪಿಗೂ, ಬೇಕೆಂದಾಗ ಥರ್ಡ್ ಬೇಸಿಗೂ, ಔಟ್‌ಫೀಲ್ಡಿಗೂ ಓಡಿಹೋಗಿ ನಿಲ್ಲುತ್ತಿದ್ದ ಆಟಗಾರ. 2024ರಲ್ಲಿ ಹೀಗೆ ಎಲ್ಲ ಕಡೆ ಆಡುವವರಿಗೆಂದೇ ಇರುವ ಸಿಲ್ವರ್ ಸ್ಲಗರ್ ಎಂಬ ಬ್ಯಾಟಿಂಗ್ ಪ್ರಶಸ್ತಿ ಪಡೆದವರು. ಅವರನ್ನು ಸೆಕೆಂಡ್ ಬೇಸಿಗೆ ಕಟ್ಟಿಹಾಕಿದ ಮೇಲೆ, ಮೇ ತಿಂಗಳಲ್ಲಿ ಸೀಗರ್ ತೊಡೆ ಹಿಡಿದುಕೊಂಡು ಕೂತರೆ ಶಾರ್ಟ್‌ಸ್ಟಾಪಿಗೆ ಯಾರು?