ಹಳೆಯ ಧಾರಾವಾಹಿಯ ಮರುನಿರ್ಮಾಣ: ‘ದಿ ವೈಲ್ಡ್ ವೈಲ್ಡ್ ವೆಸ್ಟ್’ ಇಟ್ಟುಕೊಂಡು ನಾವು ಮಾಡುವ ಅಭ್ಯಾಸ

ಹಳೆಯ ಧಾರಾವಾಹಿಯೊಂದನ್ನು ಮರುನಿರ್ಮಾಣಕ್ಕೆ ಎತ್ತಿಕೊಳ್ಳುವ ಮೊದಲು ಅದನ್ನು ಆದ್ಯಂತ ನೋಡಿ, ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಕೈಬಿಡಬೇಕು ಎಂದು ಟಿಪ್ಪಣಿ ಬರೆದುಕೊಡುವುದು ನಮ್ಮ ಕಥಾ ವಿಭಾಗದಲ್ಲಿ ನನ್ನ ಪಾಲಿನ ಕೆಲಸ. ಹೊಸದಾಗಿ ಸೇರುವ ಬರಹಗಾರರಿಗೆ ಇದನ್ನು ಕಲಿಸುವಾಗ ನಾನು ಕನ್ನಡದ ಧಾರಾವಾಹಿಯನ್ನು ಕೊಡುವುದಿಲ್ಲ. ಚಿಕ್ಕಂದಿನಲ್ಲಿ ಅಜ್ಜಿಯ ಪಕ್ಕ ಕೂತು ನೋಡಿದ್ದರ ಬಗ್ಗೆ ನಿಷ್ಠುರವಾಗಿ ಬರೆಯುವುದು ಯಾರಿಗೂ ಸುಲಭವಲ್ಲ. ಅದರ ಬದಲು ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ 1965ರಿಂದ 1969ರವರೆಗೆ ಪ್ರಸಾರವಾದ ‘ದಿ ವೈಲ್ಡ್ ವೈಲ್ಡ್ ವೆಸ್ಟ್’ ಕೊಡುತ್ತೇನೆ. ನಾಲ್ಕು ಸೀಸನ್, 104 ಕಂತು. ಮೊದಲ ಸೀಸನ್ ಕಪ್ಪು ಬಿಳುಪು, ಮುಂದಿನವು ವರ್ಣದಲ್ಲಿವೆ. ಅಧ್ಯಕ್ಷ ಯುಲಿಸಿಸ್ ಗ್ರಾಂಟ್ ಕಾಲದ (1869–77) ಇಬ್ಬರು ಗುಪ್ತಚರರು, ಹೊಡೆದಾಟದ ಜೇಮ್ಸ್ ವೆಸ್ಟ್ ಮತ್ತು ವೇಷಗಾರ ಆರ್ಟಿಮಸ್ ಗಾರ್ಡನ್, ತಮ್ಮದೇ ರೈಲಿನಲ್ಲಿ ಊರೂರು ಸುತ್ತುತ್ತ, ಕಾಲಕ್ಕೆ ಮೀರಿದ ಯಂತ್ರಗಳನ್ನು ಕಟ್ಟಿಕೊಂಡ ದುಷ್ಟರನ್ನು ಎದುರಿಸುತ್ತಾರೆ. ಜೇಮ್ಸ್ ಬಾಂಡ್ ಮಾದರಿಯ ನಾಯಕನನ್ನು ಕುದುರೆ ಹತ್ತಿಸಬೇಕೆಂಬುದು ಇದನ್ನು ರೂಪಿಸಿದ ಮೈಕೆಲ್ ಗ್ಯಾರಿಸನ್ ಅವರ ಲೆಕ್ಕವಾಗಿತ್ತು. ಈಗ ನಾವು ಸ್ಟೀಮ್‌ಪಂಕ್ ಎನ್ನುವ, ಉಗಿಯಂತ್ರದ ಕಾಲದ ಕಥೆಯಲ್ಲಿ ಕಾಲಕ್ಕೆ ಮೀರಿದ ಯಂತ್ರಗಳನ್ನು ತರುವ ಪ್ರಕಾರ ಆಗ ಪ್ರಕಾರವಾಗಿಯೇ ಇರಲಿಲ್ಲ.

ಅಭ್ಯಾಸ ಸರಳವಾದದ್ದು. ಹಾಳೆಯ ಎಡಭಾಗದಲ್ಲಿ ಧಾರಾವಾಹಿಯಲ್ಲಿರುವ ಅಂಶವನ್ನು ಬರೆಯಬೇಕು, ಬಲಭಾಗದಲ್ಲಿ ಆ ಅಂಶ ಕಥೆಗೆ ಏನು ಕೆಲಸ ಮಾಡಿಕೊಡುತ್ತಿತ್ತು ಎಂಬುದನ್ನು ಬರೆಯಬೇಕು. ಬಲಭಾಗ ತುಂಬುವವರೆಗೂ ಹೊಸತರ ಬಗ್ಗೆ ಯಾರೂ ಮಾತಾಡುವಂತಿಲ್ಲ.

ಟೈಟಲ್ ಅನ್ನೇ ನೋಡಿ. ಪರದೆಯನ್ನು ಐದು ಚೌಕಟ್ಟುಗಳಾಗಿ ಒಡೆದು, ನಡುವೆ ಕಾರ್ಟೂನಿನ ನಾಯಕನನ್ನು ನಿಲ್ಲಿಸಿ, ನಾಲ್ಕು ಮೂಲೆಗಳಲ್ಲಿ ಇಸ್ಪೀಟಿನ ಮೋಸಗಾರ, ಬ್ಯಾಂಕ್ ದರೋಡೆಕೋರ, ಬಂದೂಕುಧಾರಿ ಮತ್ತು ಚಾಕು ಹಿಡಿದ ಹೆಂಗಸನ್ನು ಇಟ್ಟಿದ್ದಾರೆ. ಕಂತಿನ ಪ್ರತಿ ಅಂಕ ಮುಗಿದು ಜಾಹೀರಾತು ಬರುವ ಹೊತ್ತಿಗೆ ದೃಶ್ಯ ಅಲ್ಲಿಯೇ ಸ್ತಬ್ಧವಾಗಿ, ಚಿತ್ರವಾಗಿ ಬದಲಾಗಿ, ಒಂದು ಮೂಲೆಯಲ್ಲಿ ಹೋಗಿ ಕೂರುತ್ತದೆ. ಕೊನೆಯ ಹೊತ್ತಿಗೆ ನಾಲ್ಕೂ ಮೂಲೆಗಳು ಆ ದಿನದ ಕಥೆಯಿಂದಲೇ ತುಂಬಿರುತ್ತವೆ. ಒಬ್ಬ ಹುಡುಗ ಇದನ್ನು ಬಿಡಬೇಕಾದವುಗಳ ಪಟ್ಟಿಗೆ ಸೇರಿಸಿ, “ಓಟಿಟಿಯಲ್ಲಿ ಬ್ರೇಕೇ ಇಲ್ಲವಲ್ಲ ಸಾರ್, ಇದು ಯಾಕೆ ಬೇಕು?” ಎಂದು ಕೇಳಿದ. ಪ್ರಶ್ನೆ ಸರಿಯಾದದ್ದೇ. ಆದರೆ ಬಲಭಾಗದಲ್ಲಿ ಅವನು ‘ಬ್ರೇಕ್‌ಗೆ ದಾರಿ’ ಎಂದಷ್ಟೇ ಬರೆದಿದ್ದ. ಆ ಮೂಲೆಗಳು ಬರಹಗಾರನ ಮೇಲೆ ಹೇರುತ್ತಿದ್ದ ಕಟ್ಟುಪಾಡು ಅದಕ್ಕಿಂತ ದೊಡ್ಡದು: ಕಥೆ ನಾಲ್ಕು ಸಲ ತಿರುಗಲೇಬೇಕು, ಮತ್ತು ಪ್ರತಿ ತಿರುವೂ ಮಾತಿನ ನೆರವಿಲ್ಲದೆ ಒಂದೇ ಚಿತ್ರದಲ್ಲಿ ಅರ್ಥವಾಗಬೇಕು. ಬ್ರೇಕ್ ಇಲ್ಲದ ವೇದಿಕೆಯಲ್ಲಿ ಕಂತುಗಳು ಎಳೆದಾಡುವುದು ಇಂಥ ಕಟ್ಟುಪಾಡು ತಪ್ಪಿಹೋದದ್ದರಿಂದಲೇ ಎಂಬುದು ನನ್ನ ಅಭಿಪ್ರಾಯ. ಈಗ ನಮ್ಮಲ್ಲಿ ಒನ್ ಲೈನ್ (ಕಂತಿನ ದೃಶ್ಯಗಳ ಸಂಕ್ಷಿಪ್ತ ಪಟ್ಟಿ) ಬರೆಯುವ ಮೊದಲೇ ಕಂತಿನ ನಾಲ್ಕು ಸ್ತಬ್ಧ ಚಿತ್ರಗಳನ್ನು ಬರೆದುಕೊಡುವ ಪದ್ಧತಿ ಇದೆ.

ಯಂತ್ರಗಳ ವಿಷಯದಲ್ಲಿ ಹಾಳೆಯ ಎರಡೂ ಭಾಗ ಒಟ್ಟಿಗೆ ಓದಬೇಕು. ಮೂಲದಲ್ಲಿ ನಾಯಕನ ಸಲಕರಣೆಗಳು ಸಣ್ಣವು: ತೋಳಿನೊಳಗಿಂದ ಸ್ಪ್ರಿಂಗ್ ಬಲದಿಂದ ಅಂಗೈಗೆ ಜಾರುವ ಪುಟ್ಟ ಪಿಸ್ತೂಲು, ಬೂಟಿನ ಟೊಳ್ಳು ಹಿಮ್ಮಡಿಯಲ್ಲಿ ಅಡಗಿಸಿದ ಸ್ಫೋಟಕ. ಅವನು ಸೆರೆ ಸಿಕ್ಕಿ, ಇನ್ನು ಉಳಿಯುವುದಿಲ್ಲ ಎನ್ನುವಾಗ ಅವು ಹೊರಬರುತ್ತವೆ. ಪ್ರೇಕ್ಷಕ ಬುದ್ಧಿಗೆ ಚಪ್ಪಾಳೆ ತಟ್ಟುತ್ತಾನೆ. 1999ರಲ್ಲಿ ಬ್ಯಾರಿ ಸೋನೆನ್‌ಫೆಲ್ಡ್ ನಿರ್ದೇಶನದಲ್ಲಿ, ವಿಲ್ ಸ್ಮಿತ್ ಮತ್ತು ಕೆವಿನ್ ಕ್ಲೈನ್ ಅಭಿನಯದಲ್ಲಿ ಇದೇ ಹೆಸರಿನ ಚಲನಚಿತ್ರ ಬಂದಾಗ ಆ ಜಾಗದಲ್ಲಿ ದೈತ್ಯಾಕಾರದ ಯಾಂತ್ರಿಕ ಜೇಡ ಬಂದು ನಿಂತಿತು. ಸುಮಾರು 17 ಕೋಟಿ ಡಾಲರ್ ವೆಚ್ಚದ ಆ ಚಿತ್ರಕ್ಕೆ ವರ್ಷದ ಅತಿ ಕೆಟ್ಟ ಚಿತ್ರವೆಂಬ ಅಣಕು ಪ್ರಶಸ್ತಿ ರ‍್ಯಾಜಿ ಬಂತು, ಮತ್ತು ಅದನ್ನು ಸ್ವೀಕರಿಸಲು ಮೂಲ ಧಾರಾವಾಹಿಯ ವೆಸ್ಟ್, ಅಂದರೆ ರಾಬರ್ಟ್ ಕಾನ್‌ರಾಡ್, ಖುದ್ದಾಗಿ ಹೋಗಿದ್ದರು. (ಚಿತ್ರದ ಮೇಲಿನ ಸಿಟ್ಟನ್ನು ಇಷ್ಟು ಚೆನ್ನಾಗಿ ತೀರಿಸಿಕೊಂಡವರು ಅಪರೂಪ.) ಜೇಡ ದೊಡ್ಡದಾದದ್ದು ನನ್ನ ಆಕ್ಷೇಪವಲ್ಲ. ಅಷ್ಟು ದೊಡ್ಡ ಯಂತ್ರದ ಎದುರು ನಾಯಕನ ಜಾಣತನಕ್ಕೆ ಕೆಲಸವೇ ಉಳಿಯುವುದಿಲ್ಲ. ಮರುನಿರ್ಮಾಣದ ಸಭೆಗಳಲ್ಲಿ ಹಿತ್ತಾಳೆಯ ಹಲ್ಲುಚಕ್ರ, ಗಾಗಲ್, ಹೊಗೆ ಉಗುಳುವ ಕೊಳವೆಗಳ ಚಿತ್ರಗಳು ಮೊದಲೇ ಗೋಡೆ ಹತ್ತಿದಾಗ ನನಗೆ ಈ ಜೇಡವೇ ನೆನಪಾಗುತ್ತದೆ.

ಹಾಗೆಂದು ಎಲ್ಲವನ್ನೂ ಇದ್ದ ಹಾಗೆ ಉಳಿಸಿಕೊಳ್ಳಲು ಬರುವುದಿಲ್ಲ. ರಾಸ್ ಮಾರ್ಟಿನ್ ಅವರ ಗಾರ್ಡನ್ ಹಾಕುತ್ತಿದ್ದ ವೇಷಗಳಲ್ಲಿ ಬೇರೆ ಜನಾಂಗದವರ ವೇಷಗಳೂ ಇದ್ದವು. ಇಂದು ಅವನ್ನು ತೋರಿಸುವಂತಿಲ್ಲ, ತೋರಿಸಬೇಕಾಗಿಯೂ ಇಲ್ಲ. ವೇಷ ಮಾಡುತ್ತಿದ್ದ ಕೆಲಸ ಎದುರಾಳಿಯ ಮನೆಯೊಳಗೆ ಬಾಗಿಲು ತೆರೆಯುವುದು, ಮತ್ತು ಅದನ್ನು ವೃತ್ತಿ, ಅಂತಸ್ತು, ಮಾತಿನ ಧಾಟಿಗಳನ್ನು ಬದಲಿಸಿಯೇ ಮಾಡಬಹುದು. ಪಾತ್ರವರ್ಗವನ್ನು ವಿಸ್ತರಿಸುವುದಕ್ಕೆ ಇತಿಹಾಸವೇ ಸಾಮಗ್ರಿ ಒದಗಿಸುತ್ತದೆ. ಕಪ್ಪು ಸೈನಿಕರ ರೆಜಿಮೆಂಟುಗಳು 1866ರಲ್ಲೇ ರಚನೆಯಾಗಿದ್ದವು. ಬಾಸ್ ರೀವ್ಸ್ ಎಂಬ ಕಪ್ಪು ವ್ಯಕ್ತಿ 1875ರಲ್ಲಿ ಡೆಪ್ಯುಟಿ ಮಾರ್ಷಲ್, ಅಂದರೆ ಕೇಂದ್ರ ಸರ್ಕಾರದ ಕಾನೂನು ಪಾಲನಾ ಅಧಿಕಾರಿ, ಆದರು. ಪಿಂಕರ್‌ಟನ್ ಪತ್ತೇದಾರಿ ಸಂಸ್ಥೆ 1856ರಲ್ಲೇ ಕೇಟ್ ವಾರ್ನ್ ಎಂಬ ಮಹಿಳೆಯನ್ನು ನೇಮಿಸಿಕೊಂಡಿತ್ತು. 1869ರ ಮೇ 10ರಂದು ಪೂರ್ಣಗೊಂಡ ಖಂಡಾಂತರ ರೈಲುಮಾರ್ಗದ ಪಶ್ಚಿಮ ಭಾಗವನ್ನು ಹಾಕಿದವರಲ್ಲಿ ಬಹುಪಾಲು ಚೀನೀ ಕಾರ್ಮಿಕರು. ನಾಯಕರು ಸೇರಿದ ಸೀಕ್ರೆಟ್ ಸರ್ವಿಸ್ ಕೂಡ 1865ರಲ್ಲಿ ಹುಟ್ಟಿದ್ದು ಖೋಟಾ ನೋಟು ಹಿಡಿಯಲಿಕ್ಕೆ. ಇಷ್ಟು ಕಥೆಗಳು ಆ ಕಾಲದಲ್ಲೇ ಬಿದ್ದಿರುವಾಗ ಇಂದಿನವರ ಮಾತುಗಳನ್ನು ಪಾತ್ರಗಳ ಬಾಯಿಗೆ ತುರುಕುವ ಅಗತ್ಯ ನನಗಂತೂ ಕಾಣುವುದಿಲ್ಲ.

ಹಿಂಸೆಯ ಪ್ರಶ್ನೆಯೂ ಬರುತ್ತದೆ. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮತ್ತು ರಾಬರ್ಟ್ ಕೆನಡಿ ಅವರ ಹತ್ಯೆಗಳಾದ ಮೇಲೆ ದೂರದರ್ಶನದ ಹಿಂಸೆಯ ವಿರುದ್ಧ ಎದ್ದ ಒತ್ತಡದಲ್ಲಿಯೇ ಈ ಧಾರಾವಾಹಿ ನಿಂತುಹೋಯಿತು. ಇಂದಿನ ಪರದೆಯ ರಕ್ತಪಾತದ ಮುಂದೆ ಅದರ ಹೊಡೆದಾಟ ಮಕ್ಕಳಾಟದಂತಿದೆ.

ಅಭ್ಯಾಸದಲ್ಲಿ ಎಲ್ಲರನ್ನೂ ಹೆಚ್ಚು ಸತಾಯಿಸುವುದು ಖಳನಾಯಕ ಡಾಕ್ಟರ್ ಮಿಗೆಲಿಟೊ ಲವ್‌ಲೆಸ್. ಕುಬ್ಜ ದೇಹದ ನಟ ಮೈಕೆಲ್ ಡನ್ ಆ ಪಾತ್ರಕ್ಕೆ ಹಾಡುಗಾರಿಕೆ, ವಿಜ್ಞಾನ, ಮಕ್ಕಳ ಮೇಲಿನ ಮರುಕ, ಕ್ರೌರ್ಯ ಎಲ್ಲವನ್ನೂ ಬೆರೆಸಿದ್ದರು. ಕ್ಯಾಲಿಫೋರ್ನಿಯಾದಲ್ಲಿ ತನ್ನ ಕುಟುಂಬದ ಭೂಮಿಯನ್ನು ಕಸಿದುಕೊಳ್ಳಲಾಗಿದೆ ಎಂಬುದು ಅವನ ಅಳಲು; ಅದರಲ್ಲಿ ನ್ಯಾಯವೂ ಇರುವುದರಿಂದಲೇ ಅವನು ಭಯ ಹುಟ್ಟಿಸುತ್ತಾನೆ. ಚಲನಚಿತ್ರ ಅವನನ್ನು ಕಾಲು ಕಳೆದುಕೊಂಡ, ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದ ಪರ ಹೋರಾಡಿದ ಮಾಜಿ ಸೇನಾಧಿಕಾರಿಯಾಗಿಸಿ, ಆ ದೇಹವನ್ನೇ ಹಾಸ್ಯದ ವಸ್ತುವನ್ನಾಗಿ ಮಾಡಿತು. ಅದಕ್ಕಿಂತ ಗಮನಿಸಬೇಕಾದ ಸಂಗತಿಯೆಂದರೆ, 104 ಕಂತುಗಳಲ್ಲಿ ಲವ್‌ಲೆಸ್ ಕಾಣಿಸಿಕೊಂಡದ್ದು ಕೇವಲ ಹತ್ತರಲ್ಲಿ. ಎಂಟು ಕಂತಿನ ಹೊಸ ಸೀಸನ್ ಬರೆದುಕೊಡಿ ಎಂದಾಗ ಬಹುತೇಕ ಎಲ್ಲರೂ ಅವನನ್ನು ಮೊದಲ ದೃಶ್ಯದಿಂದಲೇ ಎಂಟರಲ್ಲೂ ತುಂಬಿಬಿಡುತ್ತಾರೆ. ಎರಡೇ ಕಂತಿಗೆ ಅವನನ್ನು ಸೀಮಿತಗೊಳಿಸಿ, ಉಳಿದ ಆರರಲ್ಲಿ ಅವನ ಯಂತ್ರಗಳನ್ನು ಕೊಂಡವರ ಕಥೆ ಹೇಳಿದವರು ಇದುವರೆಗೆ ಒಬ್ಬರೇ. ಈಗ ಕೈಗೆತ್ತಿಕೊಂಡಿರುವ ಧಾರಾವಾಹಿಯಲ್ಲಿ ಖಳನ ಭಾಗವನ್ನು ಬರೆಯಲು ಅವರಿಗೇ ಕೊಟ್ಟಿದ್ದೇವೆ.