ಸೂಟ್‌ಕೇಸಿನಲ್ಲಿ ಬಂದ ರಾಗಿ

ಕಳೆದ ವಾರ ನಮ್ಮ ಅಡುಗೆಯಾಕೆ ನನ್ನನ್ನು ನೋಡಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಕಾರಣ, ನಾನು ಬೆಂಗಳೂರಿನಿಂದ ಹೊತ್ತು ತಂದ ಐದು ಕಿಲೋ ರಾಗಿ ಹಿಟ್ಟು.

ನೈರೋಬಿಯ ಈ ಮಿಷನ್ ಗೆಸ್ಟ್‌ಹೌಸ್ ನೋಡಿಕೊಳ್ಳಲು ನಾನೂ ಯಜಮಾನರೂ ಬಂದು ನಾಲ್ಕು ವರ್ಷವಾಯಿತು. ದಕ್ಷಿಣ ಸುಡಾನಿಗೆ, ಕಾಂಗೋಗೆ ಹೊರಟವರು, ಅಲ್ಲಿಂದ ದಣಿದು ಬಂದವರು, ಮಕ್ಕಳನ್ನು ಕಿಜಾಬೆಯ ಬೋರ್ಡಿಂಗ್ ಶಾಲೆಗೆ ಬಿಟ್ಟು ಕಣ್ಣು ಕೆಂಪಗೆ ಮಾಡಿಕೊಂಡು ಬರುವ ತಾಯಂದಿರು, ಹೀಗೆ ಯಾರೂ ನಾಲ್ಕು ರಾತ್ರಿಗಿಂತ ಹೆಚ್ಚು ಉಳಿಯುವುದಿಲ್ಲ. ವಿಲ್ಸನ್ ನಿಲ್ದಾಣದಿಂದ ಹಾರುವ ಪುಟ್ಟ ವಿಮಾನಗಳಿಗೆ ಪೆಟ್ಟಿಗೆಯ ಜೊತೆ ಮನುಷ್ಯರನ್ನೂ ತೂಗುತ್ತಾರೆ. ಹಾಗಾಗಿ ಬೆಳಗಾದರೆ ನಮ್ಮ ಹಜಾರದ ತೂಕದ ಯಂತ್ರದ ಮುಂದೆ ಸಾಲು. "ನಿನ್ನ ಸಾರು ಉಂಡು ಆ ಪಾದ್ರಿ ಎರಡು ಕಿಲೋ ಪುಸ್ತಕ ಇಲ್ಲೇ ಬಿಟ್ಟು ಹೋಗಬೇಕಾಯ್ತು" ಅಂತ ಇವರು ರೇಗಿಸುತ್ತಾರೆ. ನಲ್ಲಿ ನೀರು ಬಂದ ದಿನ ಬಂತು, ಇಲ್ಲದ ದಿನ ಇಲ್ಲ. ಕಾವೇರಿ ನೀರಿಗೆ ರಾತ್ರಿ ನಿದ್ದೆಗೆಟ್ಟು ಕಾದವರಿಗೆ ಇದೇನು ಹೊಸದೇ?

ಹಿಟ್ಟಿನ ವಿಷಯಕ್ಕೆ ಬರುತ್ತೇನೆ. ಊರಿಗೆ ಹೋದಾಗಲೆಲ್ಲ ಅಣ್ಣ ಗುಬ್ಬಿ ಕಡೆಯ ನಮ್ಮ ಹಳ್ಳಿಯಿಂದ ರಾಗಿ ತಂದು, ಮಿಲ್ಲಿಗೆ ಹಾಕಿಸಿ, ಎರಡೆರಡು ಕವರಿನಲ್ಲಿ ಸುತ್ತಿ ಕೊಡುತ್ತಾನೆ. ಸೀರೆ ಬಿಟ್ಟರೂ ಅದನ್ನು ಬಿಟ್ಟು ಬಂದವಳಲ್ಲ ನಾನು. ಅತಿಥಿಗಳಿಗೆ ಬಡಿಸಲು ಧೈರ್ಯವಿಲ್ಲ. ಎಲ್ಲರ ಊಟ ಮುಗಿದು, ಅಡುಗೆಯಾಕೆ ಮನೆಗೆ ಹೋದ ಮೇಲೆ ನಾವಿಬ್ಬರೇ ಕದ್ದು ಉಣ್ಣುವವರ ಹಾಗೆ ಮುದ್ದೆ ಉಣ್ಣುತ್ತಿದ್ದೆವು.

ಆಕೆಯನ್ನು ಇಲ್ಲಿ ಎಲ್ಲರೂ ಕರೆಯುವುದು 'ಮಾಮಾ' ಅಂತ. ಸ್ವಾಹಿಲಿಯಲ್ಲಿ ಅಮ್ಮ. (ಮೊದಮೊದಲು ಫೋನಿನಲ್ಲಿ ಕೇಳಿಸಿಕೊಂಡ ನಮ್ಮಮ್ಮ "ಅದ್ಯಾವ ಮಾವ ಬಂದಿದಾನೆ ನಿಮ್ಮನೆಗೆ?" ಅಂದಿದ್ದಳು.) ಅವತ್ತು ಮಳೆಗೆ ಮಟಾಟು (ಇಲ್ಲಿನ ಬಾಡಿಗೆ ವ್ಯಾನು) ಸಿಗದೆ ಆಕೆ ರಾತ್ರಿ ಉಳಿದುಕೊಂಡರು. ನಾನು ಎಸರಿಟ್ಟು ಹಿಟ್ಟಿನ ಕವರು ಬಿಚ್ಚಿದೆ. ಬಂದು ಒಂದು ಚಿಟಿಕೆ ತೆಗೆದುಕೊಂಡು ಮೂಸಿದರು, ನಾಲಿಗೆಯ ಮೇಲಿಟ್ಟರು.

"ಇದು ವಿಂಬಿ! ಎಲ್ಲಿ ತಂದಿರಿ?"

"ನಮ್ಮೂರಿಂದ."

"ಊರಿಂದ? ವಿಮಾನದಲ್ಲಿ?"

ನಕ್ಕರು ನೋಡಿ, ಕಟ್ಟೆ ಹಿಡಿದುಕೊಂಡು. ಎರಡು ಬೀದಿ ಆಚೆಯ ಸಂತೆಯಲ್ಲಿ ಗೋಣಿಗಟ್ಟಲೆ ಮಾರುತ್ತಾರಂತೆ. ಬೆಳಿಗ್ಗೆ ಅತಿಥಿಗಳಿಗೆ ಕೊಡುತ್ತಿದ್ದ ಕಂದು ಬಣ್ಣದ ಗಂಜಿ, ಇವರ 'ಉಜಿ', ಅದರದ್ದೇ! ನಾಲ್ಕು ವರ್ಷ ಲೋಟಕ್ಕೆ ಸುರಿದು ಕೊಟ್ಟವಳು ನಾನೇ. ಜೋಳ, ಮರಗೆಣಸು ಬೆರೆಸಿ ಹುಳಿ ಬರಿಸುವುದರಿಂದ ನನ್ನ ಮೂಗಿಗೆ ಗುರುತು ಸಿಕ್ಕಿರಲಿಲ್ಲ.

ನಗು ನಿಂತ ಮೇಲೆ ಮಾಮಾ ಆ ಕವರನ್ನು ಮೆಲ್ಲಗೆ ತಟ್ಟಿದರು, ಬೋರ್ಡಿಂಗಿನಿಂದ ರಜೆಗೆ ಬಂದ ಮಗುವಿನ ಬೆನ್ನು ತಟ್ಟುವ ಹಾಗೆ. "ಕರಿಬು ನ್ಯುಂಬಾನಿ" ಅಂದರು. ಮನೆಗೆ ಬಂದೆಯಾ, ಬಾ ಅಂತ. ಹೇಳಿದ್ದು ನನಗಲ್ಲ, ಹಿಟ್ಟಿಗೆ.

ರಾಗಿಯ ತವರು ಇದೇ ಪೂರ್ವ ಆಫ್ರಿಕಾ, ಇಥಿಯೋಪಿಯಾ ಉಗಾಂಡದ ಎತ್ತರದ ನೆಲ. ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದ ನಮ್ಮ ಕಡೆಗೆ ಬಂತು. ಅಷ್ಟೇ ಅಲ್ಲ, ನಮ್ಮಜ್ಜ ಬಾಯಿ ತುಂಬ ಹೇಳುತ್ತಿದ್ದ 'ಇಂಡಾಪು ರಾಗಿ' ಇದೆಯಲ್ಲ, ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ರಾಗಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಸಂಬಂಧ ಕುದುರಿಸಿ ಬೆಳೆಸಿದ ತಳಿ ಅದು. ಇಂಡಿಯಾದ 'ಇಂಡ್', ಆಫ್ರಿಕಾದ 'ಆಫ್', ಸೇರಿ ಇಂಡಾಫ್. ಅಜ್ಜನಿಗೆ ಹೆಸರಿನ ಅರ್ಥ ಗೊತ್ತಿತ್ತೋ ಇಲ್ಲವೋ, ಕಣಜ ತುಂಬಿದ್ದು ಗೊತ್ತಿತ್ತು.

ಇದನ್ನೆಲ್ಲ ಯೋಚಿಸುತ್ತಾ ಎಸರಿನ ಮುಂದೆ ನಿಂತವಳಿಗೆ ಕಳೆದ ಡಿಸೆಂಬರ್ ನೆನಪಾಯಿತು. ಬೆಂಗಳೂರಿನಲ್ಲಿ ಪಕ್ಕದ ಮನೆಯವರು ತಿಂಡಿಗೆ ಕರೆದಿದ್ದರು. ಒಳ್ಳೆಯವರೇ, ನಮ್ಮ ಮನೆ ಬೀಗದ ಕೈ ಇರುವುದೂ ಅವರ ಹತ್ತಿರ. ಬಿಸಿ ರೊಟ್ಟಿ ನನ್ನ ತಟ್ಟೆಗೆ ಹಾಕುತ್ತಾ, "ನಿಮಗೇನು ಬಿಡಿ, ಹೊರದೇಶ ಬೇಗ ಒಗ್ಗಿಬಿಡತ್ತೆ. ನಿಮ್ಮ ಧರ್ಮಾನೂ ಹೊರಗಿಂದ ಬಂದದ್ದೇ ಅಲ್ವಾ" ಅಂದರು. ಕಹಿಯಿಲ್ಲದೆ, ಉಪ್ಪು ಸಾಕಾ ಅಂತ ಕೇಳಿದಷ್ಟೇ ಸಲೀಸಾಗಿ. ಕಾರ್ಪೊರೇಷನ್ ಎದುರಿನ ಹಡ್ಸನ್ ಚರ್ಚು ಕಟ್ಟಿದ್ದು 1904ರಲ್ಲಿ. ನಮ್ಮಜ್ಜಿ ಅಲ್ಲಿ ಹಾಡಿದ್ದೂ ಅತ್ತದ್ದೂ ಕನ್ನಡದಲ್ಲೇ. "ಕ್ರಿಶ್ಚಿಯನ್ನಾ? ಆದ್ರೂ ಕನ್ನಡ ಎಷ್ಟು ಚೆನ್ನಾಗಿ ಮಾತಾಡ್ತೀರಿ" ಅಂತ ಆಟೋದವರು ಹೊಗಳಿದಾಗಲೂ ನನಗೆ ಏನು ಹೇಳಬೇಕೋ ತೋಚುವುದಿಲ್ಲ. ಅವತ್ತೂ ಸುಮ್ಮನೆ ರೊಟ್ಟಿ ತಿಂದೆ. ರಾಗಿ ರೊಟ್ಟಿ. ಅದನ್ನು ಮಾತ್ರ ಯಾರೂ ಯಾವೂರು ನಿಂದು ಅಂತ ಕೇಳಿದ್ದಿಲ್ಲ.

ಎಸರು ಉಕ್ಕಿತು. ಹಿಟ್ಟು ಸುರಿದು, ನಡುವೆ ಕೋಲು ನೆಟ್ಟು ಬೇಯಲು ಬಿಟ್ಟೆ. ನೈರೋಬಿ ಬೆಂಗಳೂರಿನ ಎರಡು ಪಟ್ಟು ಎತ್ತರದಲ್ಲಿದೆ, ನೀರು ಸುಮಾರು 94 ಡಿಗ್ರಿಗೇ ಕುದಿಯುತ್ತದೆ, ಆದ್ದರಿಂದ ಹಿಟ್ಟಿಗೆ ಇನ್ನೂ ಐದು ನಿಮಿಷ ಕೊಡಬೇಕು. ಇದು ಗೊತ್ತಾಗುವಷ್ಟರಲ್ಲಿ ಎಷ್ಟು ಹಸಿ ಮುದ್ದೆ ನುಂಗಿದೆವೋ ದೇವರೇ ಬಲ್ಲ. ತೊಳಸಲು ಹೋದರೆ ಮಾಮಾ ಕೋಲು ಕಿತ್ತುಕೊಂಡರು. ಆಕೆ ಪಶ್ಚಿಮ ಕೀನ್ಯಾದ ಕಿಸಿ ಊರಿನ ಕಡೆಯವರು, ಅಲ್ಲಿ ಇದಕ್ಕೆ 'ಒಬೊಕಿಮಾ' ಅನ್ನುತ್ತಾರಂತೆ. ಪಾತ್ರೆಯ ಗೋಡೆಗೆ ಒತ್ತಿ ಒತ್ತಿ ಮಡಚಿದರು, ಒಂದು ಗಂಟಿಲ್ಲ. ಉಣ್ಣುವಾಗ ಮಾತ್ರ ನಮಗಿಬ್ಬರಿಗೂ ಜಗಳ. ನಾನು ನುಂಗಬೇಕು ಅಂತೀನಿ, ಆಕೆ ಅಗಿಯದೆ ನುಂಗಿದರೆ ರುಚಿ ಎಲ್ಲಿ ಸಿಗತ್ತೆ ಅಂತಾರೆ. ಯಜಮಾನರು ಯಾರ ಪಕ್ಷವನ್ನೂ ವಹಿಸದೆ ಎರಡನೇ ಮುದ್ದೆಗೆ ಕೈ ಹಾಕಿದರು.

ಇಲ್ಲಿ ಈಗ ಜಕರಂಡಾ ಹೂ ಬಿಟ್ಟಿದೆ. ಡಿಸೆಂಬರಿಗೆ ನಾವು ಮತ್ತೆ ಬೆಂಗಳೂರಿಗೆ. ನಿನ್ನೆ ಮಾಮಾ ಸಂತೆಯಿಂದ ಎರಡು ಕಿಲೋ ವಿಂಬಿ ಹಿಟ್ಟು ತಂದು ಮೇಜಿನ ಮೇಲಿಟ್ಟರು, ನಿಮ್ಮಣ್ಣನಿಗೆ ಅಂತ. ಇವರು ಅದನ್ನು ಹಜಾರದ ಯಂತ್ರದ ಮೇಲಿಟ್ಟು ತೂಗಿ, "ಬೆಂಗಳೂರಿಗೆ ಯಾರಾದರೂ ರಾಗಿ ಹೊತ್ಕೊಂಡು ಹೋಗ್ತಾರೇನೇ?" ಅಂದರು.

"ಆಫ್ರಿಕಾಕ್ಕೆ ಹೊತ್ತಾಗ ಸುಮ್ಮನಿದ್ರಲ್ಲ" ಅಂದೆ.