ಘಾಟಿ ಹತ್ತುವಾಗಿನ ಮೂರು ವಾಸನೆಗಳು

ಜನವರಿ 5, ಭಾನುವಾರ

ಕಾಂಪೌಂಡ್ ಗೋಡೆಗೆ ಕೆಂಪುಕಲ್ಲು ತರುವ ನೆಪದಲ್ಲಿ ಅಪ್ಪನ ಹಳೆಯ ಲಾರಿಯನ್ನು ಶೆಡ್ಡಿನಿಂದ ಹೊರಗೆ ತೆಗೆದು ಎರಡು ತಿಂಗಳಾಯಿತು. 1996ರ ಮಾದರಿ, ಆರು ಚಕ್ರ, ನಾಲ್ಕು ಸಿಲಿಂಡರಿನ ಡೀಸೆಲ್ ಎಂಜಿನ್, ಟರ್ಬೊ ಇಲ್ಲ. ಖಾಲಿ ಓಡಿಸಿದರೆ ಸಾಧು ಹಸು. ಉಪ್ಪಿನಂಗಡಿ ಕಡೆಯಿಂದ ಮೂರು ಟನ್ ಕಲ್ಲು ಹೇರಿಕೊಂಡು, ಗುಂಡ್ಯ ದಾಟಿ, ಸೆಕೆಂಡ್ ಗೇರಿನಲ್ಲಿ ಶಿರಾಡಿ ಘಾಟಿ ಹತ್ತತೊಡಗಿದರೆ ಮಾತ್ರ ಕ್ಯಾಬಿನ್ನಿನಲ್ಲಿ ವಾಸನೆಗಳ ಸಂತೆ ನೆರೆಯುತ್ತದೆ.

ಇವತ್ತು ಎಣಿಸಿದೆ, ಮೂರು. ಒಂದು, ತೆಂಗಿನ ನಾರು ಸುಟ್ಟಂಥದ್ದು. ಎರಡನೆಯದು ಕಣ್ಣುರಿಸುವ ಹಸಿ ಡೀಸೆಲ್. ಮೂರನೆಯದಕ್ಕೆ ಅಪ್ಪ ಮೂಗು ಮುಚ್ಚಿಕೊಂಡು, "ಯಾರೋ ಕೊಳೆತ ಮೊಟ್ಟೆ ಇಟ್ಟಿದ್ದಾರೆ" ಎಂದರು. ಕೂಲೆಂಟ್ ಸೋರಿದಾಗ ಬರುವ ಸಿಹಿ ವಾಸನೆ ಇಲ್ಲ, ರೇಡಿಯೇಟರಿನ ನೀರೂ ಇಳಿದಿಲ್ಲ. ಎಂಜಿನ್ ತಲೆಯ ಕೆಳಗಿನ ಸೀಲಾದ ಹೆಡ್ ಗ್ಯಾಸ್ಕೆಟ್ ಹೋಗಿರಬಹುದೆಂಬ ಭಯವನ್ನು ಸದ್ಯಕ್ಕೆ ಬದಿಗಿಟ್ಟಿದ್ದೇನೆ.

ಜನವರಿ 12

ನಾರು ಸುಟ್ಟ ವಾಸನೆ ಎಂದ ಕೂಡಲೇ ಗ್ಯಾರೇಜಿನ ಮೇಸ್ತ್ರಿ ಕ್ಲಚ್ ಪ್ಲೇಟಿನ ಮೇಲೆ ಅನುಮಾನ ಪಟ್ಟರು. ನಾನೂ ತಲೆಯಾಡಿಸಿದೆ. ಗೇರ್ ಬಾಕ್ಸ್ ಇಳಿಸುವ ಮುಂಚೆ ಒಂದು ಪರೀಕ್ಷೆ ಮಾಡೋಣ ಎಂದವರು ಅಪ್ಪ. ಚಕ್ರಗಳಿಗೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಟಾಪ್ ಗೇರಿಗೆ ಹಾಕಿ, ಸ್ವಲ್ಪ ಆಕ್ಸಿಲರೇಟರ್ ಕೊಡುತ್ತಾ ಕ್ಲಚ್ ಬಿಡಬೇಕು. ಪ್ಲೇಟ್ ಸವೆದು ಜಾರುತ್ತಿದ್ದರೆ ಎಂಜಿನ್ ಓಡುತ್ತಲೇ ಇರುತ್ತದೆ, ಹಿಡಿತ ಸರಿಯಿದ್ದರೆ ಆರಿಹೋಗುತ್ತದೆ. ನಮ್ಮದು ಒಂದೇ ಗುಕ್ಕಿಗೆ ಆರಿತು. ಕ್ಲಚ್ ಗಟ್ಟಿಯಾಗಿದೆ. ಒಂದು ದಿನದ ಕೆಲಸವೂ ಪ್ಲೇಟಿನ ದುಡ್ಡೂ ಉಳಿಯಿತು. ಮೇಸ್ತ್ರಿ ಮಾತ್ರ ಚಹಾ ಮುಗಿಯುವ ತನಕ ಗಂಭೀರವಾಗಿಯೇ ಇದ್ದರು.

ಡೀಸೆಲ್ ವಾಸನೆಯ ಬೇಟೆ ಸುಲಭವಾಗಿತ್ತು. ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ನಾಜಲ್ಲುಗಳಿರುವ ಎಂಜಿನ್ನಿನ ಬದಿಯನ್ನು ಬ್ರಷ್ ಹಾಕಿ ತೊಳೆದು, ಒಣಗಿಸಿ, ಮಗಳ ಪೌಡರ್ ಡಬ್ಬಿಯನ್ನು ಅದರ ಮೇಲೆ ಉದುರಿಸಿದೆ. ಇಪ್ಪತ್ತು ನಿಮಿಷ ಓಡಿಸಿ ಬಾನೆಟ್ ಎತ್ತಿದರೆ, ಮೂರನೆಯ ನಾಜಲ್ಲಿನ ತಲೆಯಿಂದ ಬ್ಲಾಕಿನ ಮೇಲೆ ಬೆರಳಗಲದ ಕಪ್ಪು ಗೆರೆ ಇಳಿದಿತ್ತು. ಉಳಿದ ಡೀಸೆಲ್ಲನ್ನು ಟ್ಯಾಂಕಿಗೆ ಮರಳಿಸುವ, ಬಟ್ಟೆ ಸುತ್ತಿದ ಸಣ್ಣ ರಬ್ಬರ್ ಪೈಪು ಕೊರಡಿನಂತೆ ಬಿರುಕು ಬಿಟ್ಟಿತ್ತು. ಒಂದು ಮೀಟರ್ ಹೊಸ ಪೈಪು ತಂದು ನಾಲ್ಕೂ ನಾಜಲ್ಲುಗಳಿಗೆ ಬದಲಾಯಿಸಿದೆ. ಇದು ಒತ್ತಡವಿಲ್ಲದ ಪೈಪು. ಪಂಪಿನಿಂದ ನಾಜಲ್ಲಿಗೆ ಬರುವ ಉಕ್ಕಿನ ಪೈಪಿನ ಸೋರಿಕೆಯನ್ನು ಬೆರಳಿಟ್ಟು ಹುಡುಕುವುದು ಶುದ್ಧ ಹುಚ್ಚುತನ. ಅಲ್ಲಿನ ಒತ್ತಡ 200 ಬಾರ್ ದಾಟುತ್ತದೆ, ಸೂಜಿಯಂಥ ಡೀಸೆಲ್ ಧಾರೆ ಚರ್ಮ ಹೊಕ್ಕರೆ ಶಸ್ತ್ರಚಿಕಿತ್ಸೆಯೇ ಗತಿ. ರಟ್ಟಿನ ತುಂಡು ಹಿಡಿದು ನೋಡಬೇಕು.

ಜನವರಿ 19

ಕೊಳೆತ ಮೊಟ್ಟೆ ವಾರವಿಡೀ ತಲೆಯಲ್ಲಿ ಕೂತಿತ್ತು. ಅದು ಗಂಧಕದ ವಾಸನೆ. ಆದರೆ 2020ರ ಏಪ್ರಿಲ್‌ನಿಂದ ದೇಶದಾದ್ಯಂತ ಸಿಗುವ, ಹೊಗೆಯ ಹೊಸ ಮಾನದಂಡಕ್ಕೆ ತಕ್ಕ ಬಿಎಸ್-6 ಡೀಸೆಲ್ಲಿನಲ್ಲಿ ಗಂಧಕ ಹತ್ತು ಲಕ್ಷಕ್ಕೆ 10 ಭಾಗ ಮೀರುವಂತಿಲ್ಲ. ಈ ಲಾರಿ ಹೊಸದಾಗಿದ್ದ ಕಾಲದ ಇಂಧನದಲ್ಲಿ ಅದರ ನೂರಾರು ಪಟ್ಟು ಇರುತ್ತಿತ್ತು. ಹಾಗಾಗಿ ಸೈಲೆನ್ಸರಿನ ಮೇಲೆ ಅನುಮಾನವಿಲ್ಲ. ಮುಂದಿನ ಆರೋಪಿ ಬ್ಯಾಟರಿ, ಅತಿಯಾಗಿ ಚಾರ್ಜ್ ಆದರೆ ಅದೂ ಇದೇ ವಾಸನೆ ಬಿಡುತ್ತದೆ. ಮೀಟರ್ ಹಿಡಿದೆ. 14.1 ವೋಲ್ಟ್, ನಿರಪರಾಧಿ.

ಸುಳಿವು ಸಿಕ್ಕಿದ್ದು ಡೈರಿಯಲ್ಲಿ. ಬೆಳಿಗ್ಗೆ ಘಾಟಿ ಹತ್ತಿದ ದಿನಗಳಲ್ಲಿ ನಾರಿನ ವಾಸನೆಯೂ ಇಲ್ಲ, ಮೊಟ್ಟೆಯೂ ಇಲ್ಲ. ಎರಡೂ ಬಂದದ್ದು ಮಧ್ಯಾಹ್ನದ ಟ್ರಿಪ್ಪುಗಳಲ್ಲಿ ಮಾತ್ರ. ಮಧ್ಯಾಹ್ನ ಗಾಳಿ ಕಡಲ ಕಡೆಯಿಂದ ಬೀಸುತ್ತದೆ, ನಾವು ಪೂರ್ವಕ್ಕೆ ತೆವಳುತ್ತಿರುತ್ತೇವೆ. ಅಂದರೆ ವಾಸನೆ ನಮ್ಮ ಬೆನ್ನ ಹಿಂದಿನಿಂದ ಬರುತ್ತಿದೆ! ಎರಡು ವಾರ ನಾನು ಎಂಜಿನ್ನಿಗೇ ಮೂಗು ತೂರಿಸಿಕೊಂಡಿದ್ದೆ.

ಇವತ್ತು ಗುಂಡ್ಯದಿಂದ ಮೇಲಕ್ಕೆ ಬ್ರೇಕ್ ಮುಟ್ಟದೆ ಹತ್ತಿ, ಕೆಂಪುಹೊಳೆ ಕಾಣುವ ಅಗಲವಾದ ಜಾಗದಲ್ಲಿ ಗೇರಿನಲ್ಲೇ ನಿಲ್ಲಿಸಿದೆವು. ಗೆಳೆಯನಿಂದ ತಂದ, ದೂರದಿಂದಲೇ ಶಾಖ ಅಳೆಯುವ ಥರ್ಮಾಮೀಟರಿನಲ್ಲಿ ಹಿಂದಿನ ಬಲ ಚಕ್ರದ ಬ್ರೇಕ್ ಡ್ರಮ್ 48 ಡಿಗ್ರಿ, ಎಡ ಡ್ರಮ್ 163. ಬ್ರೇಕ್ ಮುಟ್ಟದೆ! ಎರಡು ಹನಿ ನೀರು ಚಿಮುಕಿಸಿದರೆ ದೋಸೆ ಕಾವಲಿಯಂತೆ ಚೊಂಯ್ ಎಂದಿತು. ಬಾಟಲಿಗಟ್ಟಲೆ ಸುರಿಯಬಾರದು, ಕಾದ ಡ್ರಮ್ ಸೀಳುತ್ತದೆ. ಬಯಲಿನಲ್ಲಿ ಖಾಲಿ ಓಡುವಾಗ ವೇಗದ ಗಾಳಿ ಶಾಖವನ್ನು ಹೊತ್ತೊಯ್ಯುತ್ತಿತ್ತು, ಇಲ್ಲಿ ಆ ಗಾಳಿಯಿಲ್ಲ. ಜೊತೆಗೆ, ಕಲ್ಲು ಹೇರಿದ ದಿನ ಗುಂಡ್ಯದವರೆಗಿನ ಊರುಗಳಲ್ಲಿ ಬ್ರೇಕನ್ನು ಬಲವಾಗಿಯೇ ಒತ್ತಿರುತ್ತೇವೆ.

ಜನವರಿ 26

ಜಾಕಿ ಕೊಟ್ಟು ಎಡ ಹಿಂದಿನ ಚಕ್ರಗಳನ್ನು ಬಿಚ್ಚಿದೆವು. ಎಕ್ಸೆಲ್ ಹೊರಗೆಳೆದು ಡ್ರಮ್ ಜಾರಿಸುತ್ತಿದ್ದಂತೆ ಆ ಮೊಟ್ಟೆ ವಾಸನೆ ಮುಖಕ್ಕೆ ಹೊಡೆಯಿತು. ಡ್ರಮ್ಮಿಗೆ ಒತ್ತಿ ಚಕ್ರ ನಿಲ್ಲಿಸುವ ಬ್ರೇಕ್ ಲೈನರ್ ಡಾಂಬರು ಬಳಿದಂತೆ ಕಪ್ಪಾಗಿ ಮಿನುಗುತ್ತಿತ್ತು. ಲೈನರನ್ನು ತಳ್ಳುವ ವೀಲ್ ಸಿಲಿಂಡರಿನ ಪಿಸ್ಟನ್ ತುಕ್ಕಿನಲ್ಲಿ ಸಿಕ್ಕಿಕೊಂಡು, ಒಮ್ಮೆ ಹೊರಬಂದದ್ದು ಒಳಗೆ ಹೋಗುತ್ತಿರಲಿಲ್ಲ. ಲೈನರ್ ಡ್ರಮ್ಮಿಗೆ ಉಜ್ಜುತ್ತಲೇ ಇತ್ತು, ನಾರಿನ ವಾಸನೆ ಅದರದ್ದು. ಆ ಶಾಖಕ್ಕೆ ಹಬ್ಬಿನ ಆಯಿಲ್ ಸೀಲ್ ಒಣ ಹಪ್ಪಳದಂತಾಗಿ, ಎಕ್ಸೆಲ್ ಹೌಸಿಂಗಿನ ಗೇರ್ ಆಯಿಲ್ ಡ್ರಮ್ಮಿನೊಳಕ್ಕೆ ಜಿನುಗಿ ಬೇಯುತ್ತಿತ್ತು. ಗೇರಿನ ಹಲ್ಲುಗಳ ಮೇಲಿನ ಭಾರೀ ಒತ್ತಡ ತಡೆಯಲೆಂದು ಆ ಎಣ್ಣೆಗೆ ಗಂಧಕದ ಸಂಯುಕ್ತ ಸೇರಿಸಿರುತ್ತಾರೆ. ಮೊಟ್ಟೆ ಸಿಕ್ಕಿತು.

ಕಂಪ್ರೆಸರ್ ಗಾಳಿ ಹೊಡೆದು ಧೂಳು ಹಾರಿಸಲು ಗ್ಯಾರೇಜಿನ ಹುಡುಗ ಮುಂದಾದ, ತಡೆದೆ. ಹಳೆಯ ಲೈನರಿನಲ್ಲಿ ಉಸಿರಿಗೆ ಸೇರಿದರೆ ಅಪಾಯವಾದ ಕಲ್ನಾರು ಇರಬಹುದು, ಒದ್ದೆ ಬಟ್ಟೆಯಲ್ಲಿ ಒರೆಸಿದೆವು. ಎಣ್ಣೆ ಕುಡಿದ ಲೈನರನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವ ಮೇಸ್ತ್ರಿಯ ಸಲಹೆಯನ್ನು ಒಪ್ಪಲಿಲ್ಲ. ಎರಡೂ ಬದಿಗೆ ಹೊಸ ಲೈನರ್, ವೀಲ್ ಸಿಲಿಂಡರ್, ಸೀಲ್, ಸ್ಪ್ರಿಂಗ್ ಬಿದ್ದವು. ಒಂದೇ ಬದಿಗೆ ಹಾಕಿದರೆ ಬ್ರೇಕ್ ಒತ್ತಿದಾಗ ಲಾರಿ ಒಂದು ಕಡೆಗೆ ಎಳೆಯುತ್ತದೆ.

ಫೆಬ್ರವರಿ 2

ಅದೇ ಮೂರು ಟನ್, ಅದೇ ಮಧ್ಯಾಹ್ನ. ಹೊಸ ಲೈನರಿನ ಕಮಟು ಸ್ವಲ್ಪ ಇತ್ತು, ಮಾರನಹಳ್ಳಿ ಬರುವಷ್ಟರಲ್ಲಿ ಅದೂ ಕರಗಿತು. ಡ್ರಮ್ಮುಗಳು ಎಡಕ್ಕೆ 52, ಬಲಕ್ಕೆ 50. ಅಪ್ಪ ಗೇರ್ ಲಿವರಿನ ಬುಡಕ್ಕೆ ಬಗ್ಗಿ ಮೂಸಿ ನೋಡಿ, "ಈಗ ಬರೀ ಲಾರಿಯ ವಾಸನೆ" ಎಂದು ಸೀಟಿಗೆ ಒರಗಿದರು.

ಹ್ಯಾಂಡ್ ಬ್ರೇಕ್ ಇನ್ನೂ ಸಡಿಲವಾಗಿದೆ. ಮುಂದಿನ ಭಾನುವಾರದವರೆಗೆ ಹೇರಿ ತಂದ ಕಲ್ಲಿನಲ್ಲೇ ಎರಡನ್ನು ಚಕ್ರದಡಿ ಇಟ್ಟಿದ್ದೇನೆ.